ತಾರೀಕಿನ ಮೇಲೆ ಬಂದ ಅಪವಾದ

ಆ ಬೀದಿಯವರು ಅವಳ ಬಗ್ಗೆ ಹೇಳುತ್ತಿದ್ದ ಮಾತು ಒಂದೇ. "ಆಕೆಗೆ ಏನು ಬೇಕಾದ್ರೂ ಕೊಡಿ, ಜೋಪಾನವಾಗಿ ವಾಪಸ್ ತಂದ್ಕೊಡ್ತಾಳೆ. ಆದ್ರೆ ಬಿಚ್ಚಿ ನೋಡಿ ತಂದ್ಕೊಡ್ತಾಳೆ."

ಮಾತು ಸುಳ್ಳಲ್ಲ. ಮಹಡಿಯ ಮೇಲಿದ್ದ ದರ್ಜಿ ಹೆಂಗಸು ಒಮ್ಮೆ ತನ್ನ ಇಸ್ತ್ರಿಪೆಟ್ಟಿಗೆ ಕೊಟ್ಟಿದ್ದಳು. ಸಂಜೆಗೆ ಅದು ಮರಳಿ ಬಂತು. ಜೊತೆಗೆ ಕಾಗದದ ಪೊಟ್ಟಣದಲ್ಲಿ ಒಂದು ಸಣ್ಣ ಸ್ಕ್ರೂ ಕೂಡ ಬಂತು.

"ಇದ್ಯಾವುದಮ್ಮಾ?" ಎಂದು ದರ್ಜಿ ಕಣ್ಣರಳಿಸಿದಳು.

"ನಿಮ್ಮ ಇಸ್ತ್ರಿಪೆಟ್ಟಿಗೆ ಒಳಗೆ ಇದೊಂದು ಜಾಸ್ತಿ ಇತ್ತು. ಯಾಕೆ ಇತ್ತು ಅಂತ ಇನ್ನೂ ಗೊತ್ತಾಗ್ಲಿಲ್ಲ. ಗೊತ್ತಾದ್ಮೇಲೆ ಬಂದು ಹೇಳ್ತೀನಿ."

ಇಸ್ತ್ರಿಪೆಟ್ಟಿಗೆ ಮೊದಲಿಗಿಂತ ಚೆನ್ನಾಗಿಯೇ ಕಾಯುತ್ತಿತ್ತು. ಆದರೆ ದರ್ಜಿ ಪ್ರತಿ ಸಲವೂ ಅದನ್ನು ಹಚ್ಚುವ ಮುಂಚೆ ಒಮ್ಮೆ ಅಲ್ಲಾಡಿಸಿ ನೋಡುತ್ತಿದ್ದಳು, ಪಾಪ.

ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟವರು ಬೀದಿಯ ಮಕ್ಕಳು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆದರು. ಅವಳು ಸಿಟ್ಟಾಗಲಿಲ್ಲ. ಆ ಹೆಸರು ಮೊದಲು ಯಾರ ಬಾಯಲ್ಲಿ ಬಂತು, ಅದೂ ಯಾಕೆ ಬಂತು ಎಂದು ಮಕ್ಕಳನ್ನೆಲ್ಲ ಜಗಲಿಯ ಮೇಲೆ ಕೂರಿಸಿಕೊಂಡು ವಿಚಾರಿಸಿದಳು. ಮಕ್ಕಳಿಗೆ ಸಾಕು ಸಾಕಾಗಿ ಹೋಯಿತು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆಣಕಿದರೆ, "ಆ ಯಾಕೆ ಒಂದನ್ನ ಮಾತ್ರ ನಾನು ಹುಡುಕೋಕೆ ಹೋಗ್ಲಿಲ್ಲ" ಎಂದು ನಕ್ಕು, ಕೇಳಿದವರ ಕೈಗಡಿಯಾರ ಯಾಕೆ ಹಿಂದೆ ಓಡುತ್ತಿದೆ ಎಂಬ ಮಾತಿಗೆ ಇಳಿದುಬಿಡುತ್ತಿದ್ದಳು.

ಬೀದಿಯ ಒಂದು ತುದಿಗೆ ರೈಲು ನಿಲ್ದಾಣದ ದಾರಿ. ಇನ್ನೊಂದು ತುದಿಗೆ ತಗಡಿನ ಮಾಡಿನ ಒಂದು ಉದ್ದನೆಯ ಕಾರ್ಖಾನೆ. ಯಾಕಮ್ಮನ ದುಡಿಮೆಯೆಲ್ಲ ಅಲ್ಲೇ ಆದದ್ದು. ಅಲ್ಲಿ ಮಾಡುತ್ತಿದ್ದದ್ದು ಬೂಟುಗಳನ್ನು. ಅಂಗಡಿಯಲ್ಲಿ ಸಿಗುವಂಥ ಬೂಟುಗಳಲ್ಲ, ಒಂದಕ್ಕೊಂದು ಹೊಂದದ ಪಾದಗಳಿಗೆ ಬೇಕಾದವು. ಕೆಲವರ ಎಡಪಾದ ಉದ್ದ, ಬಲಪಾದ ಗಿಡ್ಡ. ಕೆಲವರದು ಹುಟ್ಟುವಾಗಲೇ ಒಳಕ್ಕೆ ತಿರುಗಿದ್ದು. ಇನ್ನು ಕೆಲವರ ಪಾದದಲ್ಲಿ ಸ್ಪರ್ಶವೇ ಇರುತ್ತಿರಲಿಲ್ಲ. ಒಬ್ಬೊಬ್ಬರ ಪಾದಕ್ಕೂ ಮರದಲ್ಲಿ ಒಂದೊಂದು ಅಚ್ಚು ಕೆತ್ತಿ, ಅದರ ಮೇಲೆ ಚರ್ಮ ಎಳೆದು ಹೊಲಿಯುತ್ತಿದ್ದರು. ಒಳಗೆ ಕಾಲಿಟ್ಟರೆ ಅಂಟು ಮತ್ತು ಹದ ಮಾಡಿದ ಚರ್ಮದ ವಾಸನೆ. ಗೋಡೆಯುದ್ದಕ್ಕೂ ನೆಲದಿಂದ ಸೂರಿನವರೆಗೆ ಕಪಾಟು, ಕಪಾಟಿನ ತುಂಬ ಮರದ ಪಾದಗಳು. ಹೊಸಬರು ಬಂದರೆ ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು; ಊರಿಗೆ ಊರೇ ಚಪ್ಪಲಿ ಬಿಟ್ಟು ಒಳಗೆ ಹೋದ ಹಾಗೆ, ಬದಲಿಗೆ ಪಾದಗಳನ್ನೇ ಬಿಟ್ಟು ಹೋದ ಹಾಗೆ ಕಾಣುತ್ತಿತ್ತು.

ದೊಡ್ಡವರದು ಸುಲಭ. ಬೂಟು ಸವೆದಾಗ ಬರುತ್ತಾರೆ. ತೊಂದರೆ ಇರುವುದು ಮಕ್ಕಳದು. ಮಕ್ಕಳ ಪಾದ ಬೆಳೆಯುತ್ತದೆ, ಎರಡೂ ಒಂದೇ ಸಮ ಬೆಳೆಯುವುದಿಲ್ಲ. ಸ್ಪರ್ಶವಿಲ್ಲದ ಪಾದವಾದರೆ ಬೂಟು ಬಿಗಿಯಾದದ್ದು ಮಗುವಿಗೆ ಗೊತ್ತೇ ಆಗುವುದಿಲ್ಲ. ಹುಣ್ಣಾದ ಮೇಲೆಯೇ ತಿಳಿಯುವುದು. ಅದಕ್ಕೇ ಹಿರಿಯ ಮೇಸ್ತ್ರಿ ಹೇಳುತ್ತಿದ್ದ: "ಮಗು ಬಂದು ನೋವು ಅಂತ ಹೇಳೋವರೆಗೆ ಕಾಯಬಾರದು. ನಾವೇ ಮೊದ್ಲು ಕರೀಬೇಕು."

ಹಾಗೆ ಮೊದಲೇ ಕರೆಯುವುದಕ್ಕೆ ಯಾಕಮ್ಮ ಒಂದು ಉಪಾಯ ಮಾಡಿಟ್ಟಿದ್ದಳು. ಅವಳು ಕೆಲಸಕ್ಕೆ ಸೇರಿದ್ದು ಬರೀ ಟೈಪಿಸ್ಟ್ ಆಗಿ. ಕಂಪ್ಯೂಟರು ಬಂದ ಮೇಲೆ ಅದಕ್ಕೆ ಇವಳ ಯಾಕೆಗಳು ಅಂಟಿಕೊಂಡವು, ಇವಳಿಗೆ ಅದು ಅಂಟಿಕೊಂಡಿತು. ಮಕ್ಕಳ ಅಳತೆಗಳನ್ನೆಲ್ಲ ಒಂದು ಡೇಟಾಬೇಸಿಗೆ ತುಂಬಿ, ಅದರಲ್ಲಿ "ಕರೆಯಬೇಕಾದವರು" ಎಂಬ ಒಂದು ಕ್ವೆರಿ ಬರೆದಳು. ಕ್ವೆರಿ ಎಂದರೆ ಮತ್ತೇನಲ್ಲ, ಒಮ್ಮೆ ಬರೆದಿಟ್ಟರೆ ಬೇಕಾದಾಗಲೆಲ್ಲ ಕೇಳಬಹುದಾದ ಪ್ರಶ್ನೆ. ಇವತ್ತಿನ ತಾರೀಕು ತೆಗೆದುಕೋ, ಮಗುವಿನ ಪಾದ ಅಳೆದ ತಾರೀಕನ್ನು ಅದರಿಂದ ಕಳೆ, ವಯಸ್ಸು ನೋಡು, ಇಷ್ಟು ದಿನದಲ್ಲಿ ಈ ಪಾದ ಎಷ್ಟು ಬೆಳೆದಿರಬಹುದು ಹೇಳು, ಅದರ ಅಚ್ಚು ಯಾವ ಕಪಾಟಿನಲ್ಲಿದೆ ತೋರಿಸು. ಸೋಮವಾರ ಬೆಳಗ್ಗೆ ಗುಮಾಸ್ತ ಒಂದು ಗುಂಡಿ ಒತ್ತಿದರೆ ಹೆಸರುಗಳು ಸಾಲಾಗಿ ಬರುತ್ತಿದ್ದವು. ಅವನು ಒಂದೊಂದು ಮನೆಗೂ ಫೋನು ಮಾಡುತ್ತಿದ್ದ.

ಕಾರ್ಖಾನೆಯಿಂದ ನಿವೃತ್ತಿಯಾಗಿ ಬಹಳ ದಿನವಾಗಿದ್ದರೂ ಯಾಕಮ್ಮನಿಗೆ ಅಲ್ಲಿಂದ ಬಿಡುಗಡೆ ಇರಲಿಲ್ಲ. ಕಂಪ್ಯೂಟರು ಕೆಮ್ಮಿದರೂ ಗುಮಾಸ್ತ ಓಡಿ ಬರುತ್ತಿದ್ದ. ಅವಳಿಗೂ ಅದು ಬೇಕಾಗಿತ್ತೆನ್ನಿ.

ಅವಳಿಗೆ ಒಬ್ಬಳೇ ತಂಗಿ. ರೈಲು ಬದಲಿಸಿ ಬದಲಿಸಿ ಹೋಗಬೇಕಾದ ದೂರದ ಊರಲ್ಲಿ ಸಸಿಗಳನ್ನು ಬೆಳೆಸಿ ಮಾರಿಕೊಂಡಿದ್ದಳು. ಆ ತಂಗಿಯ ಕಣ್ಣು ಸ್ವಲ್ಪ ಸ್ವಲ್ಪವಾಗಿ ಮಂಜಾಗುತ್ತ ಬಂದಿತ್ತು. ಮದ್ದಿಲ್ಲದ ಮಂಜು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಇನ್ನು ಕೆಲವು ತಿಂಗಳು ಕಾಣಿಸಬಹುದು, ಆಮೇಲೆ ಬರೀ ಬೆಳಕು ನೆರಳು. ತಂಗಿ ಅಳುವ ಜಾತಿಯಲ್ಲ. ಫೋನಿನಲ್ಲಿ, "ಅಕ್ಕಾ, ನೀನು ಸುಳ್ಳು ಹೇಳೋವಾಗ ನಿನ್ನ ಮುಖ ಹೇಗಾಗುತ್ತೆ ಅಂತ ನೋಡೋದು ನನಗೆ ತುಂಬಾ ಇಷ್ಟ. ಅದು ಕಾಣೋವಾಗಲೇ ಬಂದು ನನ್ನ ಜೊತೆ ಇದ್ದುಬಿಡು" ಎಂದಳು. ಯಾಕಮ್ಮ ಬರುತ್ತೇನೆಂದಳು. ಮನೆ ಖಾಲಿ ಮಾಡುತ್ತೇನೆಂದು ಮಾಲೀಕನಿಗೂ ಹೇಳಿದಳು. ಆದರೆ ಹೊರಡುವ ಮಾತು ಎತ್ತಿದಾಗಲೆಲ್ಲ ಕಾರ್ಖಾನೆಯಿಂದ ಕರೆ ಬರುತ್ತಿತ್ತು, ಟಿಕೆಟ್ಟು ಮುಂದಕ್ಕೆ ಹೋಗುತ್ತಿತ್ತು.

"ನಿನ್ನ ಕಂಪ್ಯೂಟರಿಗೆ ನನಗಿಂತ ಜಾಸ್ತಿ ಕಾಯಿಲೆ ಬರುತ್ತೆ ಕಣೇ" ಎಂದು ತಂಗಿ ಕಿಚಾಯಿಸುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ಆದರೆ ಪ್ರತಿ ಸಲವೂ ಆ ನಗುವಿನ ಹಿಂದೆ ಮಂಜು ಇನ್ನಷ್ಟು ದಟ್ಟವಾಗಿರುತ್ತದೆಂದು ಅಕ್ಕನಿಗೆ ಗೊತ್ತಿತ್ತು.

ಈ ಸಲ ಟಿಕೆಟ್ಟು ಶನಿವಾರದ್ದು. ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ ಸೋಮವಾರದ ಬೆಳಗ್ಗೆಯೇ ಬಾಗಿಲಲ್ಲಿ ಗುಮಾಸ್ತ ಪ್ರತ್ಯಕ್ಷನಾದ. ಐವತ್ತು ದಾಟಿದ ಮನುಷ್ಯ, ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿಕೊಳ್ಳುವವನು, ಕಂಪ್ಯೂಟರಿನ ಮುಂದೆ ಮಾತ್ರ ಹೊಸ ಮನೆಗೆ ಬಂದ ನೆಂಟನ ಹಾಗೆ ಕುರ್ಚಿಯ ತುದಿಯಲ್ಲಿ ಕೂರುವವನು.

"ಅಕ್ಕ, ಹೊಸ ಕಂಪ್ಯೂಟರಿನ ಪರದೆ ಮೇಲೆ ಒಂದು ಡಬ್ಬ ಬಂತು."

"ಡಬ್ಬದಲ್ಲಿ ಏನು ಬರೆದಿತ್ತು?"

"ಏನೋ ಬರೆದಿತ್ತು."

"ಏನೋ ಅಂದ್ರೆ?"

"ಓದೋಕೆ ಮುಂಚೆ ಮುಚ್ಚಿಬಿಟ್ಟೆ."

"ಯಾಕೆ?"

ಗುಮಾಸ್ತ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಯಾರಾದ್ರೂ ನೋಡಿದ್ರೆ ನಾನೇ ಏನೋ ಕೆಡಿಸಿದೀನಿ ಅಂದ್ಕೋತಾರಲ್ಲ, ಅದಕ್ಕೆ."

"ಅಲ್ಲ ಗುಮಾಸ್ತರೇ, ಮನೆ ಬಾಗಿಲಿಗೆ ಬಂದ ಕಾಗದ ಓದದೆ ಹರಿದು ಹಾಕ್ತೀರಾ?"

"ಕೆಟ್ಟ ಸುದ್ದಿ ಅಂತ ಹೊರಗಡೆಯಿಂದಲೇ ಗೊತ್ತಾದ್ರೆ ಹಾಕ್ತೀನಿ ಅಕ್ಕ."

ಹಳೇ ಕಂಪ್ಯೂಟರು ಹೋಗಿ ಹೊಸದು ಬಂದ ಹೋದ ವಾರವೂ ಡಬ್ಬ ಬಂದಿತ್ತು, ಆಗಲೂ ಮುಚ್ಚಿದ್ದ. ಈ ಸಲ ಹೆಸರು ಬರಲಿಲ್ಲ, ಮುಂದಿನ ವಾರ ಬಂದೀತು ಎಂದು ಸುಮ್ಮನಿದ್ದ. ಇದನ್ನು ಅವನು ದಾರಿಯಲ್ಲಿ, ಅರ್ಧಕ್ಕರ್ಧ ನುಂಗಿಕೊಂಡು ಹೇಳಿದ. ಯಾಕಮ್ಮನ ನಡಿಗೆ ಬಿರುಸಾಯಿತು.

ಅವಳದೊಂದು ಪದ್ಧತಿ. ಬೇರೆಯವರ ಕೆಲಸ ಕೆಟ್ಟಾಗ ತಾನು ಕೀಲಿಮಣೆ ಮುಟ್ಟುತ್ತಿರಲಿಲ್ಲ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ದಿನಾ ಹೇಗೆ ಮಾಡುತ್ತೀರೋ ಹಾಗೇ ಮಾಡಿ ಎನ್ನುತ್ತಿದ್ದಳು. ಗುಮಾಸ್ತ ಗುಂಡಿ ಒತ್ತಿದ. ಡಬ್ಬ ಬಂತು. ಅವನ ಬೆರಳು ಅಭ್ಯಾಸಬಲದಿಂದ ಅದನ್ನು ಮುಚ್ಚಲು ಹಾರಿತು. ಯಾಕಮ್ಮ ಆ ಬೆರಳನ್ನು ಹಿಡಿದುಕೊಂಡಳು. "ಓದಿ."

ಅವನು ಕನ್ನಡಕ ಸರಿಮಾಡಿಕೊಂಡು ಓದಿದ. ಕ್ವೆರಿಯ ಈ ಭಾಗದಲ್ಲಿ ಕಂಪೈಲ್ ದೋಷ ಎಂದಿತ್ತು. ಯಾವ ಭಾಗ ಎಂದರೆ, ಇವತ್ತಿನ ತಾರೀಕನ್ನು ಕೇಳುವ ಭಾಗ.

"ನೋಡಿದ್ರಾ? ತಾರೀಕು ಕೆಟ್ಟಿದೆ! ಇದರ ಗಡಿಯಾರ ಸರಿಮಾಡಿಸಿದ್ರೆ ಆಯ್ತು" ಎಂದು ಗುಮಾಸ್ತ ಹಗುರಾದ. ಪರದೆಯ ಮೂಲೆಯಲ್ಲಿ ತಾರೀಕು ಸರಿಯಾಗಿಯೇ ಇತ್ತು. ಗಂಟೆಯೂ ಸರಿಯಾಗಿತ್ತು. ಅವನು ಮತ್ತೆ ಭಾರವಾದ.

"ಕಂಪೈಲ್ ಅಂದ್ರೆ ಏನಕ್ಕ?"

ಯಾಕಮ್ಮ ಬಾಗಿಲಾಚೆ ಕೈ ತೋರಿಸಿದಳು. ಅಲ್ಲಿ ಹಿರಿಯ ಮೇಸ್ತ್ರಿ ಚರ್ಮ ಹಾಸಿಕೊಂಡು, ಅದರ ಮೇಲೆ ಎಳೆದ ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದ. "ಅವರು ಕತ್ತರಿಸೋಕೆ ಮುಂಚೆ ಗೆರೆಯನ್ನೆಲ್ಲ ಒಂದು ಸಲ ಓದಿಕೊಳ್ತಾರಲ್ಲ, ಹಾಗೆ. ಒಂದು ಗುರುತು ಅರ್ಥ ಆಗ್ಲಿಲ್ಲ ಅಂದ್ರೆ ಕತ್ತಿ ಎತ್ತಲ್ಲ. ಇದೂ ಕತ್ತಿ ಎತ್ತಿಲ್ಲ. ಒಂದು ಮಗುವಿನ ಲೆಕ್ಕಕ್ಕೂ ಇನ್ನೂ ಕೈ ಹಾಕಿಲ್ಲ. ಓದೋವಾಗಲೇ ಎಡವಿದೆ."

"ಹಳೇ ಕಂಪ್ಯೂಟರಲ್ಲಿ ಇದೇ ಫೈಲು ಓಡ್ತಿತ್ತಲ್ಲ!"

ಅದೇ ವಿಚಿತ್ರ. ಹಳೆಯದನ್ನು ಅಳತೆ ಕೋಣೆಯ ಮೂಲೆಗೆ ಹಾಕಿದ್ದರು. ಹೋಗಿ ಹಚ್ಚಿ ನೋಡಿದರೆ, ಅದು ಗೊರಗೊರ ಎನ್ನುತ್ತ ಎದ್ದು, ಅದೇ ಫೈಲಿನಲ್ಲಿ ಅದೇ ಕ್ವೆರಿಯನ್ನು ಅರ್ಧ ದಾರಿಯವರೆಗೆ ಓಡಿಸಿ, ಪರದೆ ನೀಲಿಯಾಗಿ ಮಲಗಿಬಿಟ್ಟಿತು. ಅದನ್ನು ನೆಚ್ಚಿಕೊಂಡು ಮಕ್ಕಳ ಪಾದ ಕಾಯುವ ಹಾಗಿರಲಿಲ್ಲ. ಆದರೂ ಒಂದು ಮಾತು ಖಾತ್ರಿಯಾಯಿತು: ಇದರಲ್ಲಿ ದೋಷದ ಡಬ್ಬ ಬರಲಿಲ್ಲ.

"ಫೈಲು ಅದೇ, ಪ್ರಶ್ನೆ ಅದೇ. ಅಲ್ಲಿ ಓದೋಕೆ ಬರುತ್ತೆ, ಇಲ್ಲಿ ಬರಲ್ಲ. ಯಾಕೆ?" ಎಂದು ಕೈ ಉಜ್ಜಿಕೊಂಡಳು ಯಾಕಮ್ಮ. ಅವಳ ಮುಖ ನೋಡಿ ಮೇಸ್ತ್ರಿ, "ಏನಮ್ಮಾ, ಕೆಟ್ಟಿದೆ ಅಂತ ಹೇಳ್ತಿದೀಯೋ, ಹಬ್ಬ ಅಂತ ಹೇಳ್ತಿದೀಯೋ?" ಎಂದ.

ಹೊಸ ಕಂಪ್ಯೂಟರಿಗೆ ಮರಳಿ ಒಂದು ಪುಟಾಣಿ ಕ್ವೆರಿ ಬರೆಸಿದಳು. ಇವತ್ತು ಯಾವ ತಾರೀಕು ಎಂಬಷ್ಟೇ ಪ್ರಶ್ನೆ. ಮತ್ತೆ ಅದೇ ಡಬ್ಬ. ತಾರೀಕನ್ನು ತೆಗೆದುಹಾಕಿಸಿ, ಅಚ್ಚಿನ ಸಂಖ್ಯೆಯ ಎಡಗಡೆಯ ಅಕ್ಷರಗಳನ್ನು ಕತ್ತರಿಸಿ ಕೊಡುವ ಫಂಕ್ಷನ್ ಒಂದನ್ನೇ ಬಿಟ್ಟಳು. ಆ ಅಕ್ಷರಗಳಿಂದ ಕಪಾಟು ಗೊತ್ತಾಗುತ್ತಿತ್ತು. ಈಗ ಡಬ್ಬ ಅದರ ಮೇಲೆ ತಪ್ಪು ಹೊರಿಸಿತು.

"ಅಯ್ಯೋ, ಇದೂ ಕೆಟ್ಟೋಯ್ತಾ!" ಎಂದು ಗುಮಾಸ್ತ ಕುರ್ಚಿಯಿಂದ ಎದ್ದೇಬಿಟ್ಟ.

"ಕೂತ್ಕೊಳ್ಳಿ, ಒಳ್ಳೇದಾಯ್ತು."

"ಒಳ್ಳೇದಾ?"

"ಒಬ್ಬ ಕೆಟ್ಟ ಅಂದ್ರೆ ನಂಬ್ತಿದ್ದೆ. ಯಾರನ್ನ ಎದುರಿಗೆ ನಿಲ್ಲಿಸಿದ್ರೂ ಅವನೇ ಕೆಟ್ಟ ಅಂತಿದೆ ಅಂದ್ರೆ, ಹೇಳ್ತಿರೋದರ ಕಣ್ಣಲ್ಲೇ ಏನೋ ಇದೆ. ತಾರೀಕಿನ ಮೇಲೆ ಬಂದಿರೋದು ಬರೀ ಅಪವಾದ."

ಕೂಡುವುದು, ಕಳೆಯುವುದು ಮಾತ್ರ ಇರುವ ಕ್ವೆರಿ ಕೊಟ್ಟರೆ ಅದು ತಕರಾರಿಲ್ಲದೆ ಓಡಿತು. ಫಂಕ್ಷನ್ ಒಂದನ್ನು, ಅಂದರೆ ಕರೆದರೆ ಬಂದು ಒಂದು ಸಣ್ಣ ಕೆಲಸ ಮಾಡಿಕೊಡುವ ಆಳನ್ನು, ಹೆಸರು ಹಿಡಿದು ಕೂಗಿದಾಗ ಮಾತ್ರ ತೊಂದರೆ. ಕೊನೆಗೆ ಕೋಡ್ ಬರೆಯುವ ಕಿಟಕಿ ತೆರೆಸಿ, ತಾರೀಕನ್ನು ಬರೀ ಹೆಸರಿನಿಂದ ಕರೆಯದೆ, ಅದು ಯಾವ ಲೈಬ್ರರಿಗೆ, ಅಂದರೆ ಫಂಕ್ಷನ್ನುಗಳು ಒಟ್ಟಿಗಿರುವ ಯಾವ ಮನೆಗೆ ಸೇರಿದ್ದೋ ಆ ಲೈಬ್ರರಿಯ ಹೆಸರನ್ನೂ ಮುಂದೆ ಸೇರಿಸಿ ಕರೆಸಿದಳು. ತಕ್ಷಣ ಇವತ್ತಿನ ತಾರೀಕು ಮುದ್ದಾಗಿ ಬಂದು ನಿಂತಿತು.

"ಮನೆತನದ ಹೆಸರು ಹಿಡಿದು ಕರೆದ್ರೆ ಬರ್ತಾನೆ. ಬರೀ ಹೆಸರು ಕೂಗಿದ್ರೆ ಬರಲ್ಲ. ಅಂದ್ರೆ ಅವನು ಮನೇಲಿದಾನೆ, ಆರೋಗ್ಯವಾಗೂ ಇದಾನೆ. ಅವನನ್ನ ಹುಡುಕಿಕೊಂಡು ಹೋದವನು ದಾರೀಲಿ ಎಲ್ಲೋ ನಿಂತುಬಿಟ್ಟಿದಾನೆ. ಎಲ್ಲಿ ನಿಂತ, ಯಾಕೆ ನಿಂತ?"

ಅಷ್ಟರಲ್ಲಿ ಹೊರಗೆ ದೊಡ್ಡ ದನಿ ಕೇಳಿಸಿತು. ಬಸ್ ಕಂಡಕ್ಟರ್ ಹೆಂಗಸೊಬ್ಬಳು ಸಮವಸ್ತ್ರದಲ್ಲೇ ಬಂದಿದ್ದಳು, ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಮಗಳ ಬೂಟು. "ಪ್ರತಿ ಸಲ ಫೋನ್ ಮಾಡ್ತಿದ್ರಿ, ಈ ಸಲ ಏನಾಯ್ತು? ನಿಮ್ಮನ್ನೇ ನಂಬ್ಕೊಂಡು ನಾನು ನೋಡೋಕೆ ಹೋಗ್ಲಿಲ್ಲ. ನಿನ್ನೆ ಸ್ನಾನ ಮಾಡಿಸೋವಾಗ ನೋಡಿದ್ರೆ ಹೀಗಾಗಿದೆ!"

ಮೇಸ್ತ್ರಿ ಮಗುವನ್ನು ಬೆಂಚಿನ ಮೇಲೆ ಕೂರಿಸಿ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡ. ಕಿರುಬೆರಳಿನ ಬುಡದಲ್ಲಿ ಕೆಂಪು ಕಲೆ. ಚರ್ಮ ಇನ್ನೂ ಒಡೆದಿರಲಿಲ್ಲ. ಅವನು ಒತ್ತಿದಾಗ ಮಗು ಕಿಟಕಿಯಾಚೆ ಬೆಕ್ಕನ್ನು ನೋಡುತ್ತ ಕೂತಿತ್ತು. ಒತ್ತಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ಮೇಸ್ತ್ರಿ ಹೊಸ ಅಚ್ಚಿಗಾಗಿ ಕಾಗದ ಹಾಸಿ ಪೆನ್ಸಿಲು ತೆಗೆದುಕೊಂಡ. ಗುಮಾಸ್ತ ಬಾಗಿಲ ಮರೆಯಲ್ಲಿ ನಿಂತವನು ಅಲ್ಲಿಂದ ಕದಲಲಿಲ್ಲ.

ಸಂಜೆ ಅರ್ಧ ಖಾಲಿಯಾದ ಮನೆಯಲ್ಲಿ ಪೆಟ್ಟಿಗೆಯ ಮೇಲೆ ಕೂತು ಯಾಕಮ್ಮ ತಂಗಿಗೆ ಎಲ್ಲ ಹೇಳಿದಳು.

"ಹಾಗಾದ್ರೆ ಈ ಶನಿವಾರವೂ ಇಲ್ಲ" ಎಂದಳು ತಂಗಿ.

"ಹಾಗಂದೆನಾ ನಾನು?"

"ಹೇಳೋದೇನಿದೆ? ನೀನು ಬರೋಷ್ಟರಲ್ಲಿ ನಿನ್ನ ಮೂಗು ತಡವಿ ಗುರುತು ಹಿಡಿಯೋ ಹಾಗಾಗಿರುತ್ತೆ ನನಗೆ. ಮೂಗೇನೋ ಗುರುತು ಸಿಗುತ್ತೆ ಬಿಡು, ಅಂಥದ್ದು ಎರಡಿಲ್ಲ." ಆಮೇಲೆ ತಮಾಷೆ ಬಿಟ್ಟು, "ಆ ಮಗೂದು ನೋಡಿ ಬಾ ಅಕ್ಕ. ಆದ್ರೆ ಬಾ" ಎಂದು ಫೋನಿಟ್ಟಳು.

ಯಾಕಮ್ಮನಿಗೆ ಆಗ ಮನವರಿಕೆಯಾದದ್ದು ಇದು: ಈ ದೋಷ ಸರಿಮಾಡಿದರೆ ಸಾಲದು. ಮುಂದೆ ಬರುವ ದೋಷಕ್ಕೂ ತಾನೇ ಬೇಕಾದರೆ, ತಾನು ಯಾವತ್ತೂ ಹೊರಡುವುದಿಲ್ಲ.

ಮರುದಿನ ಅವಳು ನೇರವಾಗಿ ಅಳತೆ ಕೋಣೆಯ ಹಳೇ ಕಂಪ್ಯೂಟರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಳು. ಗುಮಾಸ್ತನನ್ನೂ ಮೇಸ್ತ್ರಿಯನ್ನೂ ಕರೆದಳು. "ಇದರ ಜಾತಕ ಬೇಕು ನನಗೆ. ಇದು ಬಂದ ದಿನದಿಂದ ಇದರ ಮೇಲೆ ಯಾರ್ಯಾರು ಏನೇನು ಮಾಡಿದ್ರು? ಇದಕ್ಕೆ ಏನೇನು ಜೋಡಿಸಿದ್ರು?"

"ಬೆಳಗ್ಗೆ ಬೆಳಗ್ಗೆ ಒಳ್ಳೇ ಕಥೆ ಸಿಕ್ತು" ಎಂದ ಮೇಸ್ತ್ರಿ. ಆದರೂ ಕೂತ. ಪ್ರಿಂಟರು ಇತ್ತು, ಅದು ಈಗಲೂ ಇದೆ. ಯಾರೋ ಹಾಡು ತುಂಬಿದ್ದರು, ಅಳಿಸಿದರು. ಒಬ್ಬರು ಇಸ್ಪೀಟು ಆಡುತ್ತಿದ್ದರು. ಅವರು ಯಾರೆಂದು ಮೇಸ್ತ್ರಿ ಗುಮಾಸ್ತನ ಕಡೆ ನೋಡಿದ, ಗುಮಾಸ್ತ ಸೂರು ನೋಡಿದ. ಹೀಗೆ ಮಾತು ಸಾಗುತ್ತಿರುವಾಗ ಮೇಸ್ತ್ರಿ ತೊಡೆ ತಟ್ಟಿದ.

"ಆ ಕಾಲಿಡೋ ಗಾಜು!"

"ಯಾವ ಗಾಜು?"

"ಯಾರೋ ದಾನಿಗಳು ಕೊಟ್ಟಿದ್ರಲ್ಲಮ್ಮ, ಮೇಲೆ ಪಾದ ಇಟ್ರೆ ಕೆಳಗಿಂದ ಫೋಟೋ ಹಿಡಿಯೋದು. ಮಕ್ಕಳು ಕಾಲಿಟ್ಟ ಕೂಡ್ಲೇ ತಣ್ಣಗಿದೆ ಅಂತ ಕಿಲಕಿಲ ಅಂದು ಎತ್ತಿಬಿಡೋವು. ಒಂದು ಫೋಟೋದಲ್ಲೂ ಬೆರಳು ನೆಟ್ಟಗೆ ಬರ್ಲಿಲ್ಲ. ಅದು ಬೇಡ, ನನ್ನ ಪೆನ್ಸಿಲೇ ಸಾಕು ಅಂದೆ ನಾನು."

"ಅದೀಗ ಎಲ್ಲಿದೆ?"

ಮೇಸ್ತ್ರಿ ಬೆಂಚಿನ ಕೆಳಗೆ ಬಗ್ಗಿ ನೋಡಿದ. ಅಂಟಿನ ಬಕೀಟಿನ ಮೇಲೆ ಮುಚ್ಚಳವಾಗಿ ಅದು ತೆಪ್ಪಗೆ ಕೂತಿತ್ತು.

ಯಾಕಮ್ಮ ಮೊದಲು ನಕ್ಕಳು. ಆಮೇಲೆ ನಗು ಅರ್ಧಕ್ಕೇ ನಿಂತಿತು. ಆ ಗಾಜು ಬಂದ ದಿನ, ಅದು ಹಿಡಿದ ಅಳತೆ ನೇರವಾಗಿ ಡೇಟಾಬೇಸಿಗೆ ಬರಲಿ ಎಂದು ಒಂದು ಮಧ್ಯಾಹ್ನವೆಲ್ಲ ಕೂತು ಗಾಜಿನ ಲೈಬ್ರರಿಯನ್ನು ಈ ಫೈಲಿಗೆ ಕಟ್ಟಿದ್ದು ಅವಳೇ. ಗಾಜು ಬೆಂಚಿನ ಕೆಳಗೆ ಹೋಯಿತು. ಕಟ್ಟಿದ ಗಂಟನ್ನು ಬಿಚ್ಚಲು ಮರೆತಿದ್ದಳು. ಕಂಡದ್ದನ್ನೆಲ್ಲ ಬಿಚ್ಚಿ ನೋಡುವವಳು ತಾನು ಕಟ್ಟಿದ್ದನ್ನು ಮಾತ್ರ ಬಿಚ್ಚಿರಲಿಲ್ಲ.

ಹೊಸ ಕಂಪ್ಯೂಟರಿನಲ್ಲಿ ಗುಮಾಸ್ತನಿಂದಲೇ ಕೋಡ್ ಕಿಟಕಿ ತೆರೆಸಿ, ಫೈಲು ಯಾವ ಯಾವ ಲೈಬ್ರರಿಗಳ ಮೇಲೆ ನಿಂತಿದೆ ಎಂದು ತೋರಿಸುವ ರೆಫರೆನ್ಸ್ ಕಿಟಕಿಗೆ ಹೋದರು. ಸರಿ ಗುರುತು ಬಿದ್ದ ಸಾಲುಗಳಲ್ಲಿ ಒಂದರ ಮುಂದೆ "ಕಾಣೆ" ಎಂದಿತ್ತು. ಗಾಜಿನದೇ. ಹಳೇ ಕಂಪ್ಯೂಟರಿನಲ್ಲಿ ಅದರ ತಂತ್ರಾಂಶ ಇನ್ನೂ ಉಳಿದಿತ್ತು, ಅದಕ್ಕೇ ಅಲ್ಲಿ ತಕರಾರಿರಲಿಲ್ಲ. ಹೊಸದರಲ್ಲಿ ಯಾರೂ ಹಾಕಿರಲಿಲ್ಲ. ಯಾರು ಹಾಕುತ್ತಾರೆ, ಬಕೀಟಿನ ಮುಚ್ಚಳಕ್ಕೆ!

"ತಾರೀಕನ್ನ ಕರ್ಕೊಂಡು ಬಾ ಅಂದ್ರೆ, ಇದು ಈ ಮನೆಗಳ ಸಾಲಲ್ಲಿ ಹುಡುಕ್ತಾ ಹೋಗುತ್ತೆ" ಎಂದು ಯಾಕಮ್ಮ ಹೇಳಿಕೊಟ್ಟಳು. "ಸಾಲಲ್ಲಿ ಒಂದು ಮನೆಯೇ ಇಲ್ಲದೆ ಬರೀ ಬಯಲಿದ್ರೆ ಅಲ್ಲೇ ಕಕ್ಕಾಬಿಕ್ಕಿ. ವಾಪಸ್ ಬಂದು, ಯಾರನ್ನ ಕರೆಯೋಕೆ ಹೋಗಿತ್ತೋ ಅವನದೇ ತಪ್ಪು ಅನ್ನುತ್ತೆ."

"ಥೇಟ್ ನಮ್ಮ ಮ್ಯಾನೇಜರ್ ಹಾಗೆ" ಎಂದ ಗುಮಾಸ್ತ, ಹಿಂದೆ ಮ್ಯಾನೇಜರ್ ಇಲ್ಲವೆಂದು ಖಾತ್ರಿ ಮಾಡಿಕೊಂಡು.

ಆ ಸಾಲಿನ ಸರಿ ಗುರುತು ತೆಗೆಸಿದಳು. ಫೈಲನ್ನೆಲ್ಲ ಒಮ್ಮೆ ಕಂಪೈಲ್ ಮಾಡಿಸಿದಳು. ಅದು ಒಂದು ಹಳೆಯ ತುಣುಕಿನ ಮುಂದೆ ನಿಂತಿತು. ಆ ಮಧ್ಯಾಹ್ನ ಅವಳು ಗಾಜಿಗೆಂದು ಬರೆದ ನಾಲ್ಕಾರು ಸಾಲು. ಅದನ್ನೂ ಅಳಿಸಿದರು. ಮತ್ತೆ ಕಂಪೈಲ್ ಮಾಡಿಸಿದರೆ ಈ ಸಲ ಯಾವ ಸದ್ದೂ ಇಲ್ಲ. ಮೆನುವಿನಲ್ಲಿ ಕಂಪೈಲ್ ಎಂಬ ಅಕ್ಷರಗಳು ಮಸುಕಾಗಿ ಮಲಗಿಕೊಂಡವು, ಇನ್ನೇನೂ ಉಳಿದಿಲ್ಲ ಎಂಬಂತೆ.

ಗುಮಾಸ್ತ ಗುಂಡಿ ಒತ್ತಿದ. ಹೆಸರುಗಳು ಸಾಲಾಗಿ ಇಳಿದವು. ಹಿಂದಿನ ದಿನದ ಅಳತೆ ಇನ್ನೂ ತುಂಬಿರಲಿಲ್ಲ; ಮೊದಲ ಹೆಸರೇ ಕಂಡಕ್ಟರಮ್ಮನ ಮಗಳದು.

"ಅಂದ್ರೆ ಅಕ್ಕ, ಇದು ನನ್ನಿಂದ ಆಗಿದ್ದಲ್ಲ!"

"ಅಲ್ಲ, ನನ್ನಿಂದ ಆಗಿದ್ದು."

"ಮೇಸ್ತ್ರಿಗಳೇ, ಕೇಳಿಸ್ಕೊಂಡ್ರಾ? ಅಕ್ಕನಿಂದ ಆಗಿದ್ದಂತೆ!" ಎಂದು ಅವನು ಕಾರ್ಖಾನೆಯ ಕೊನೆಯವರೆಗೂ ಕೇಳುವ ಹಾಗೆ ಕೂಗಿದ. ಅಷ್ಟು ಗಟ್ಟಿಯಾದ ದನಿ ಅವನಲ್ಲಿತ್ತೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಕೂಗಿದ್ದಾಯ್ತಾ? ಈಗ ಇನ್ನೊಂದು ಮಾತು. ಡಬ್ಬವನ್ನ ಎರಡು ವಾರ ಓದದೆ ಮುಚ್ಚಿದ್ದು ಯಾರು?"

ದನಿ ಇಳಿಯಿತು. "ನಾನೇ."

"ನಾನು ಮರೆತೆ, ನೀವು ಮುಚ್ಚಿದ್ರಿ. ಲೆಕ್ಕ ಸಮ ಆಯ್ತು. ಶನಿವಾರದವರೆಗೆ ನೀವು ನನ್ನ ಜೊತೆ ಕೂತ್ಕೋಬೇಕು."

ಆ ವಾರ ಅವರಿಬ್ಬರನ್ನು ನೋಡಬೇಕಿತ್ತು. ಯಾಕಮ್ಮ ಫೈಲಿನ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡು, ಗುಮಾಸ್ತನನ್ನು ಹೊರಗೆ ಕಳಿಸಿ, ಅದರಲ್ಲಿ ಬೇಕೆಂದೇ ಏನಾದರೊಂದು ಕೆಡಿಸುತ್ತಿದ್ದಳು. ಒಮ್ಮೆ ಆವರಣ ಚಿಹ್ನೆಯೊಂದನ್ನು ನುಂಗಿಹಾಕಿದಳು. ಒಮ್ಮೆ ಬೆಳವಣಿಗೆ ಲೆಕ್ಕ ಮಾಡುವ ಫಂಕ್ಷನ್ನಿಗೂ, ಅದನ್ನು ಬರೆದಿಟ್ಟ ಕೋಡಿನ ಪುಟಕ್ಕೂ, ಅಂದರೆ ಮಾಡ್ಯೂಲಿಗೂ, ಒಂದೇ ಹೆಸರಿಟ್ಟಳು. ಕ್ವೆರಿ ಕೂಗಿದರೆ ಯಾರನ್ನು ಕೂಗಿದ್ದೆಂದು ತಿಳಿಯದೆ ಹೋಯಿತು. ಗುಮಾಸ್ತ ಒಳಗೆ ಬಂದು ಗುಂಡಿ ಒತ್ತುತ್ತಿದ್ದ. ಡಬ್ಬ ಬಂದರೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಗಟ್ಟಿಯಾಗಿ ಓದಬೇಕೆಂದು ಕಟ್ಟಪ್ಪಣೆ. ಪರೀಕ್ಷೆಯಲ್ಲಿ ಕೂತ ಹುಡುಗನ ಹಾಗೆ ಕೈ ಮೇಲೆ ಕೂತ ಗುಮಾಸ್ತನನ್ನು ನೋಡಲು ಹೊಲಿಗೆಯವರೆಲ್ಲ ನೆಪ ಮಾಡಿಕೊಂಡು ಬಂದು ಹೋಗುತ್ತಿದ್ದರು.

"ಯಾರನ್ನ ಬೈತಿದೆ?" ಎನ್ನುತ್ತಿದ್ದಳು ಯಾಕಮ್ಮ.

"ಬೆಳವಣಿಗೆ ಲೆಕ್ಕವನ್ನ."

"ಅವನೇ ಮಾಡಿದ್ದಾ?"

"ಗೊತ್ತಿಲ್ಲ ಅಕ್ಕ. ಅವನನ್ನ ಒಬ್ಬನೇ ಕರೆದು ನೋಡ್ತೀನಿ."

ಮೊದಮೊದಲು ಬೆವರು ಒರೆಸಿಕೊಳ್ಳುತ್ತ ಹೇಳುತ್ತಿದ್ದ. ಗುರುವಾರದ ಹೊತ್ತಿಗೆ, ಯಾಕಮ್ಮ ಕೇಳುವ ಮುಂಚೆಯೇ ಹೇಳತೊಡಗಿದ. ಶುಕ್ರವಾರ ಅವನು ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಬೆನ್ನು ಆನಿಸಿ ಕೂತಿದ್ದನ್ನು ಅವಳು ಕಂಡಳು. ಕಂಡರೂ ಮಾತಾಡಲಿಲ್ಲ, ಆಡಿದರೆ ಮತ್ತೆ ತುದಿಗೆ ಬಂದುಬಿಡುತ್ತಾನೆಂದು.

ಶನಿವಾರ ಮಧ್ಯಾಹ್ನ. ಮನೆ ಪೂರ್ತಿ ಬರಿದಾಗಿತ್ತು. ಸಾಮಾನಿನ ಪೆಟ್ಟಿಗೆಗಳು ಹಿಂದಿನ ದಿನವೇ ಹೋಗಿದ್ದವು. ಕಪಾಟು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯಾಗಿ ಕಾಣುತ್ತಿತ್ತು. ಬಾಗಿಲಲ್ಲಿ ಟ್ಯಾಕ್ಸಿ ನಿಂತಿತ್ತು. ದರ್ಜಿ ಹೆಂಗಸು ಬೀಗದ ಕೈ ಇಸಿದುಕೊಳ್ಳಲು ಕೆಳಗೆ ಬಂದವಳು ಮೂಗು ಒರೆಸಿಕೊಳ್ಳುತ್ತಿದ್ದಳು. ಆಗ ಫೋನು ಬಂತು. ಗುಮಾಸ್ತ.

"ಅಕ್ಕ, ಹೊರಟ್ರಾ?"

"ಹೊರಡ್ತಾ ಇದೀನಿ. ಏನಾಯ್ತು?"

"ಏನಿಲ್ಲ. ಸೋಮವಾರದ್ದು ಈಗಲೇ ನೋಡಿಬಿಡೋಣ ಅಂತ ಒತ್ತಿದೆ. ಹೊಸ ದೋಷ ಒಂದು ಬಂತು. ನೀವು ಕೆಡಿಸಿದ್ದಲ್ಲ, ನಿಜವಾದದ್ದು."

ಯಾಕಮ್ಮ ಕೈಚೀಲವನ್ನು ನೆಲಕ್ಕಿಟ್ಟಳು. "ಏನಂತಿದೆ?"

"ಸರಿ ಹೋಯ್ತು."

"ಸರಿ ಹೋಯ್ತು ಅಂದ್ರೆ?"

"ಸರಿಮಾಡ್ದೆ. ಹೆಸರುಗಳು ಬಂದ್ವು."

ಹಿಂದಿನಿಂದ ಮೇಸ್ತ್ರಿಯ ದನಿ ಕೇಳಿಸಿತು: "ಎರಡನೇ ಮಗೂದು ಯಾವ ಕಪಾಟು ಅಂದ್ಯೋ? ಮೇಲಿಂದಾನಾ ಕೆಳಗಿಂದಾನಾ?" ಗುಮಾಸ್ತ ಫೋನಿನಿಂದ ಬಾಯಿ ತೆಗೆದು, "ಕೆಳಗಿಂದು, ಬಾಗಿಲ ಪಕ್ಕ!" ಎಂದು ಕೂಗಿ ಹೇಳಿದ.

"ಗುಮಾಸ್ತರೇ, ಯಾರ ಮೇಲೆ ಹಾಕಿತ್ತು ತಪ್ಪನ್ನ?"

"ಹೇಳಲ್ಲ."

"ಯಾಕೆ?"

"ಹೇಳಿದ್ರೆ, ಹಾಗಾದ್ರೆ ಅದು ಯಾಕೆ ಅಂತೀರ. ಅದಕ್ಕೆ ಹೇಳಿದ್ರೆ ಇನ್ನೊಂದು ಯಾಕೆ. ಆಮೇಲೆ, ಇಲ್ಲೇ ಇದೆಯಲ್ಲ ಒಂದು ಸಲ ನೋಡಿಬಿಡ್ತೀನಿ ಅಂತ ಬಂದುಬಿಡ್ತೀರ. ರೈಲು ಹೋಗುತ್ತೆ. ತಂಗಿ ಮನೆ ಸೇರಿ, ಅವರ ಮುಖ ನೋಡಿ, ಆಮೇಲೆ ಫೋನ್ ಮಾಡಿ. ಹೇಳ್ತೀನಿ."

"ಒಂದು ಮಾತು ಹೇಳಿ ಸಾಕು. ತಾರೀಕಾ? ಎಡಗಡೆ ಅಕ್ಷರವಾ?"

"ಎರಡೂ ಅಲ್ಲ."

"ಮತ್ತೆ?"

"ಇಡ್ತೀನಿ ಅಕ್ಕ. ಮನೆಗಳಿಗೆ ಫೋನ್ ಮಾಡ್ಬೇಕು." ಇಟ್ಟೇಬಿಟ್ಟ.

ಯಾಕಮ್ಮ ಬರಿದಾದ ಕೋಣೆಯ ನಡುವೆ ನಿಂತುಬಿಟ್ಟಳು. ಹೊಸ ದೋಷ. ತಾರೀಕೂ ಅಲ್ಲ, ಅಕ್ಷರವೂ ಅಲ್ಲ. ಹಾಗಾದರೆ ವಯಸ್ಸಿನ ಲೆಕ್ಕವೇ? ನಿನ್ನೆ ಹೊಸದಾಗಿ ತುಂಬಿದ ಅಳತೆಗಳೇ? ಪ್ರತಿಯಲ್ಲಿ ತಾನು ಕೆಡಿಸಿದ್ದು ಯಾವುದಾದರೂ ಅಸಲಿಗೆ ಸೇರಿಕೊಂಡಿತೇ? ಹಾಗಾಗಿದ್ದರೆ ಅವನು ಅದನ್ನು ಹೇಗೆ ಕಂಡುಹಿಡಿದ? ಎಲ್ಲಿಂದ ಶುರುಮಾಡಿದ?

ಹೊಸ್ತಿಲಿಗೆ ಬಂದಳು. ಬೀದಿಯ ಆ ತುದಿಯಲ್ಲಿ ತಗಡಿನ ಮಾಡು ಬಿಸಿಲಿಗೆ ಹೊಳೆಯುತ್ತಿತ್ತು. ನಡೆದು ಹೋದರೆ ಚಹಾ ಆರುವಷ್ಟರಲ್ಲಿ ಹೋಗಿ ಬರಬಹುದು. ದರ್ಜಿ ಅವಳ ಕಣ್ಣು ಹೋದ ದಿಕ್ಕನ್ನೇ ನೋಡಿ, ಮೆಲ್ಲಗೆ ಅವಳಿಗೂ ಆ ದಿಕ್ಕಿಗೂ ನಡುವೆ ಬಂದು ನಿಂತಳು.

"ಅಲ್ಲೇನಿದೆ ಅಕ್ಕ ನೋಡೋಕೆ?"

"ಅದೇ ಗೊತ್ತಾಗ್ತಿಲ್ಲ" ಎಂದಳು ಯಾಕಮ್ಮ.

ಬೀಗ ಹಾಕಿ ಕೀಲಿಯನ್ನು ದರ್ಜಿಯ ಅಂಗೈಗೆ ಇಟ್ಟಳು. ಟ್ಯಾಕ್ಸಿಯ ಬಾಗಿಲು ತೆಗೆದು ಚೀಲ ಒಳಗಿಟ್ಟು, ತಾನೂ ಕೂತಳು.

"ಯಾವ ಕಡೆ ಅಮ್ಮ?" ಎಂದು ಚಾಲಕ ಕನ್ನಡಿಯಲ್ಲಿ ನೋಡಿದ.

ಅವಳು ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡಳು.

"ಸ್ಟೇಷನ್ನಿಗೆ. ಬೇಗ ನಡೀರಿ, ನನ್ನ ಮನಸ್ಸು ಬದಲಾಗೋಕೆ ಮುಂಚೆ."